ಹೊಳೆಯಾಚೆಯ ಅಂಚೆಚೀಟಿ

ದೇಶ ಎರಡಾದ ಮೇಲೆ ಹೊಳೆಯಾಚೆಯ ಸರ್ಕಾರ ತನಗಾಗಿ ಸತ್ತವರ ಮುಖಗಳನ್ನು ಅಂಚೆಚೀಟಿಗೆ ಹಾಕಿತು. ಈಚೆಯ ಸರ್ಕಾರ ಆ ಮುಖಗಳಿಗೆ ಮಸಿ ಬಳಿದೇ ಕಾಗದ ಹಂಚಬೇಕೆಂದಿತು. ಪೋಸ್ಟ್‌ಮ್ಯಾನ್ ಈರಣ್ಣನ ಚೀಲಕ್ಕೆ ಮಸಿಕುಡಿಕೆಯೂ ಸೇರಿತು.

ಅಂದು ಗುರಸವ್ವನಿಗೆ ಆಚೆಯಿಂದ ಬಂದ ಮಗಳ ಕಾಗದದ ಚೀಟಿಯಲ್ಲಿ ಅವಳ ಸತ್ತ ಮಗನೇ ನಗುತ್ತಿದ್ದ. ಅವನ ಫೋಟೋಗಳನ್ನೆಲ್ಲ ಸಿಪಾಯಿಗಳು ಎಂದೋ ಒಯ್ದಿದ್ದರು.

“ನಮ್ಮ ಶಿವಪುತ್ರಗೂ ಬಳಿತೀಯೇನೋ?”

“ಎಲ್ಲಾರಿಗೂ ಬಳಿತೀನಿ, ಚಿಗವ್ವ. ಮೊನ್ನೆ ನಮ್ಮ ಮಾವಗೂ ಬಳದೆ. ಅವಗ ಬೇಕಾಗಿತ್ತು ಬಿಡು.”

“ತಾ ಇಲ್ಲಿ, ನಾನಽ ಹಚ್ಚತೀನಿ.”

ಗುರಸವ್ವ ಕಿರುಬೆರಳನ್ನು ಮಸಿಯಲ್ಲಿ ಅದ್ದಿ, ಮಗನ ಕೆನ್ನೆಗೆ ದೃಷ್ಟಿಬೊಟ್ಟಿನಷ್ಟೇ ಒಂದು ಚುಕ್ಕೆ ಇಟ್ಟಳು.

“ಆತು ನೋಡು.”

ಈರಣ್ಣ ನಕ್ಕ. ಬೀದಿಯ ತುದಿಯಲ್ಲಿದ್ದ ಸಿಪಾಯಿ ಇತ್ತ ತಿರುಗಿದ. ಈರಣ್ಣ ನಗು ನುಂಗಿ, ಕುಡಿಕೆಯನ್ನು ಮತ್ತೆ ಅವಳ ಮುಂದೆ ಹಿಡಿದ.

“ಇನ್ನೊಂದೀಟು ಹಚ್ಚು, ಚಿಗವ್ವ.”