ಹೇಳಬಾರದ ಹೆಸರು

‘ಗೊತ್ತಿಲ್ಲ’ ಎಂದು ಬರೆದುಬಿಡಲೇ? ಚಲಪತಿಯ ಪೆನ್ಸಿಲು ಕಾಗದದ ಮೇಲೆ ಹಾಗೇ ನಿಂತಿತ್ತು. ಹಳ್ಳಿ ಹೆಂಗಸಿನ ಓಟು ಅಂದರೆ ಗಂಡನ ಎರಡನೇ ಓಟು ಎಂದು ರಾಜ್ಯಶಾಸ್ತ್ರದ ಪ್ರೊಫೆಸರು ಪಾಠ ಮಾಡಿದಾಗ, ಅವರನ್ನೇ ಕೇಳಿ ನೋಡಬೇಕಲ್ಲ ಸಾರ್ ಎಂದವನು ಅವನೇ. ಅದಕ್ಕೇ ಈ ಪ್ರಶ್ನೆಪಟ್ಟಿಯ ಕಟ್ಟು, ಅದಕ್ಕೇ ಪೆರೇಸಂದ್ರದ ಬಸ್ಸು. ಅರವತ್ತೆರಡರ ಚುನಾವಣೆ ಮುಗಿದು ವಾರವಾಗಿತ್ತು. ಬೆಳಗಿನಿಂದ ಒಂಬತ್ತು ಮನೆ; ಯಾರಿಗೆ ಓಟು ಹಾಕಿದಿರಿ ಎಂದರೆ ಒಂಬತ್ತು ‘ಗೊತ್ತಿಲ್ಲ’. ಇದೂ ಹಾಗೇ ಆದರೆ ಪ್ರೊಫೆಸರು ಗೆದ್ದಂತೆಯೇ.

ಎದುರಿಗೆ ಜಗುಲಿಯ ಮೇಲೆ ಓಬಳಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

“ಯಾರಿಗೆ ಹಾಕಿದ್ರಿ ಅಂತ ಗೊತ್ತು ತಾನೆ ಅಮ್ಮ?”

“ಗೊತ್ತಿಲ್ದೆ ಹಾಕ್ತಾರೇನಪ್ಪ? ತಕ್ಕಡಿ ಗುರುತಿನೋರಿಗೆ. ಹೋದ ಸಲ ಸೋತ್ರೂ ಊರಿಗೆ ಬಂದು, ಬಾವಿ ಕೆಲಸ ಎಲ್ಲಿಗೆ ಬಂತು ಅಂತ ಕೇಳಿದ್ರು. ಗೆದ್ದೋರು ಬಂದ್ರಾ?”

“ಅವರ ಹೆಸರು?”

ಅವಳು ನಕ್ಕು ತಲೆ ತಗ್ಗಿಸಿದಳು. “ಅದೊಂದು ಕೇಳ್ಬೇಡ.”

ಹೆಸರು ಹೇಳದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಬೇಕೆಂಬುದು ಪ್ರೊಫೆಸರ ಕಟ್ಟಪ್ಪಣೆ. ಬಾವಿಗೆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಚಲಪತಿ ನಿಟ್ಟುಸಿರಿಟ್ಟು ಮುಂದಿನ ಪ್ರಶ್ನೆಗೆ ಹೋದ. “ಯಜಮಾನರ ಹೆಸರು?”

“ಗಂಗುಲಮ್ಮಾ, ನಮ್ಮನೆಯೋರ ಹೆಸರು ಒಸಿ ಹೇಳು.”

ಪಕ್ಕದ ಜಗುಲಿಯಲ್ಲಿ ರಾಗಿ ಕೇರುತ್ತಿದ್ದ ಗಂಗುಲಮ್ಮ ಮೊರ ನಿಲ್ಲಿಸಲಿಲ್ಲ. “ಚೆನ್ನರಾಯಪ್ಪ ಅಂತ ಬರ್ಕೊಳಪ್ಪ. ಗಂಡನ ಹೆಸರು ಅವಳ ಬಾಯಲ್ಲಿ ಬರ್ತದಾ?”

ಚಲಪತಿ ಉಮೇದುವಾರರ ಪಟ್ಟಿ ತಿರುವಿದ. ತಕ್ಕಡಿ ಗುರುತಿನ ಮುಂದೆ ಚೆನ್ನರಾಯಪ್ಪ ಎಂದೇ ಇತ್ತು. ನಗು ತಡೆಯಲಾಗಲಿಲ್ಲ. ‘ಗೊತ್ತಿದೆ’ ಎಂದು ಪೆನ್ಸಿಲಿನ ಮೊನೆ ಮುರಿಯುವಷ್ಟು ಒತ್ತಿ ಬರೆದ. ಆ ಒಂಬತ್ತು ‘ಗೊತ್ತಿಲ್ಲ’ಗಳ ಹಿಂದೆ ಏನೇನಿತ್ತೋ.

“ಯಜಮಾನರೂ ಅವರಿಗೇ ಹಾಕಿದ್ರಾ?”

“ಅವರದು ದೀಪ. ನೀನೂ ದೀಪಕ್ಕೇ ಹಾಕು ಅಂದ್ರು. ಹೂಂ ಅಂದೆ.”

“ಆಮೇಲೆ?”

“ಹೂಂ ಅಂದೆ ಅಂದ್ನಲ್ಲಪ್ಪ.”

ಅಷ್ಟರಲ್ಲಿ ಹುಲ್ಲಿನ ಹೊರೆ ಇಳಿಸಿ ಚೆನ್ನರಾಯಪ್ಪನೇ ಬಂದ. “ಯಾರಿಗೆ ಹಾಕಿದ್ಲಂತೆ ಸಾರ್?”

ಓಬಳಮ್ಮನ ಬೆರಳು ಅರ್ಧ ಸುಲಿದ ಕಾಯಿಯ ಮೇಲೆ ನಿಂತಿತು.

“ಹೆಸರು ಹೇಳ್ಲಿಲ್ಲ ಯಜಮಾನ್ರೇ.”

ಚೆನ್ನರಾಯಪ್ಪ ಹೆಮ್ಮೆಯಿಂದ ಮೀಸೆ ಸವರಿಕೊಂಡ. “ನನ್ನ ಹೆಸರೇ ಹೇಳಲ್ಲ ಇವಳು. ಇನ್ನು ಕಂಡೋರ ಹೆಸರು ಹೇಳ್ತಾಳಾ?”

ಓಬಳಮ್ಮ ಬೊಗಸೆ ತುಂಬ ಅವರೆಕಾಯಿ ತಂದು ಚಲಪತಿಯ ಚೀಲಕ್ಕೆ ಸುರಿದಳು. ಅವಳು ಹೇಳದೆ ಉಳಿಸಿಕೊಂಡ ಹೆಸರು ಚೆನ್ನರಾಯಪ್ಪನದೇ ಎಂದು ಚಲಪತಿ ಹೇಳಲಿಲ್ಲ.