ಎಡವೋ ಬಲವೋ

ಮೆಡಿಕಲ್ ಕಾಲೇಜಿನ ಮೌಖಿಕ ಪರೀಕ್ಷೆ. ಇಂಚರಾಳ ಅಂಗೈ ಬೆವೆತು, ಹಿಡಿದಿದ್ದ ಬೆನ್ನುಮೂಳೆಯ ಮಣಿ ಜಾರುತ್ತಿತ್ತು. ಅಂಗರಚನೆ ಕಲಿಸಿದ ಮೇಷ್ಟ್ರು ಎದುರಿಗೇ ಕೂತಿದ್ದರು.

“ಇದು ಎಡಗಡೇದೋ ಬಲಗಡೇದೋ?” ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ಕೇಳಿದರು.

“ಕೈಕಾಲಿನ ಮೂಳೆ ಅಲ್ಲ ಸರ್, ಬೆನ್ನಿನ ನಡುವೆ ಇರೋದು. ಇದಕ್ಕೆ ಎಡ ಬಲ ಇಲ್ಲ.”

“ಎಡಗಡೇದು ಅಂತೀನಿ ನಾನು.”

“ಇಲ್ಲ ಸರ್. ಎಡ ಬಲ ಇಲ್ಲ ಅಂತಲೇ ನಮ್ಮ ಸರ್ ಹೇಳಿಕೊಟ್ಟಿದ್ದಾರೆ.” ಅವಳು ಆಸೆಯಿಂದ ಮೇಷ್ಟ್ರ ಮುಖ ನೋಡಿದಳು.

“ಹೌದೇನ್ರೀ?” ಎಂದರು ಪರೀಕ್ಷಕರು ಮೇಷ್ಟ್ರತ್ತ ತಿರುಗಿ.

ಮೇಷ್ಟ್ರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. “ಹುಡುಗಿಗೆ ಗಾಬರಿ ಸರ್. ತಾವು ಹೇಳಿದ ಮೇಲೆ ಎಡಗಡೇದೇ.”

“ನೀನು ಪಾಸು, ಹೋಗಮ್ಮ,” ಎಂದ ಪರೀಕ್ಷಕರು ಅವಳ ಕೈಯಲ್ಲಿದ್ದ ಮೂಳೆಯನ್ನು ತೆಗೆದು ಮೇಷ್ಟ್ರ ಕೈಗಿಟ್ಟರು.