ಹಿಟ್ಟಿನ ಡಬ್ಬದ ಅಳತೆ

ಅಂಗಡಿಯಿಂದ ಬರುತ್ತಿದ್ದವಳಿಗೆ ಗೇಟಿನ ಹೊರಗೇ ಗರಗಸದ ಸದ್ದು ಕೇಳಿಸಿತು. ಓಡಿ ಬಂದು ನೋಡಿದರೆ ಅವಳ ಮೇಜು ಅಂಗಳದಲ್ಲಿ ಕಾಲು ಮೇಲೆ ಮಾಡಿ ಬಿದ್ದಿದೆ. ಗಂಡ ಅದರ ಮೂರನೇ ಕಾಲು ಕೊಯ್ದು ಮುಗಿಸಿದ್ದಾನೆ.

"ರೀ! ಏನ್ ಮಾಡ್ತಿದ್ದೀರಿ?"

"ಮಾನ ಉಳಿಸಿಕೊಳ್ತಿದ್ದೀನಿ" ಎಂದ ಬಡಗಿ, ಹೊಟ್ಟು ಊದುತ್ತ. "ಟೇಪು ಹಿಡಿದು ನೋಡಿದೆ. ನಾಲ್ಕು ಕಾಲು, ನಾಲ್ಕು ಅಳತೆ! ಊರಿಗೆಲ್ಲ ಮೇಜು ಮಾಡಿಕೊಡೋನು ನಾನು. ನಮ್ಮನೇಲೇ ಇಂಥದ್ದನ್ನ ಯಾರಾದ್ರೂ ನೋಡಿದ್ರೆ ತಲೆ ಎತ್ತಿ ಓಡಾಡೋದು ಹೇಗೆ? ಎಲ್ಲಕ್ಕಿಂತ ಗಿಡ್ಡ ಕಾಲಿಗೆ ಉಳಿದ ಮೂರನ್ನೂ ಸಮ ಮಾಡಿದ್ದೀನಿ. ಈಗ ನೋಡು ಹೇಗಿದೆ!"

ಅಷ್ಟಕ್ಕೇ ಬಿಟ್ಟನೇ ಪುಣ್ಯಾತ್ಮ? ಉಳಿ ತೆಗೆದು ಹಲಗೆಯ ಅಡಿಗೆ ಮೂರು ಗೀರು ಎಳೆದ. ತಾನು ಮಾಡಿದ ಪ್ರತಿ ಮಂಚ, ಪ್ರತಿ ಪೆಟ್ಟಿಗೆಯ ಅಡಿಯಲ್ಲೂ ಅವನು ಹಾಕುವ ಗುರುತು ಅದು.

ಅದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮಗಳು ಒಂದನೇ ತರಗತಿಗೆ ಸೇರಿದ ದಿನ "ನಾಳೆ ಮಾಡಿಕೊಡ್ತೀನಿ" ಎಂದಿದ್ದ ಮೇಜು ಇದು. ಮಗಳು ಈಗ ಐದನೇ ತರಗತಿ. ಗಿರಾಕಿಗಳಿಗಾದರೆ ಇವತ್ತು, ಮನೆಯವರಿಗೆ ಮಾತ್ರ ನಾಳೆ. ಕಾದು ಕಾದು ಸಾಕಾಗಿ, ಹಿತ್ತಲಲ್ಲಿ ಬಿದ್ದಿದ್ದ ಹಳೇ ಬಾಗಿಲನ್ನು ಎಳೆದು ತಂದಿದ್ದಳು. ಅವನು ಕೆಲಸಕ್ಕೆ ಹೋದ ಹೊತ್ತು ನೋಡಿ ಅವನದೇ ಗರಗಸ, ಅವನದೇ ಉಳಿ ಹಿಡಿದು, ಎರಡು ಬೆರಳು ಜಜ್ಜಿಕೊಂಡು, ತಿಂಗಳಿಡೀ ಒದ್ದಾಡಿ ತಾನೇ ಮಾಡಿದ್ದಳು. ಆ ಮೇಜಿಗೆ ಈಗ ಇವನ ಗುರುತು!

"ಸರಿ. ಒಳಗೆ ತಂದಿಡಿ" ಎಂದಳು ತಣ್ಣಗೆ. ಅಮ್ಮನ ಆ ದನಿ ಒಳಗೆ ಓದುತ್ತಿದ್ದ ಮಗಳಿಗೆ ಚೆನ್ನಾಗಿ ಗೊತ್ತು. ಅವಳು ಪುಸ್ತಕ ಮುಚ್ಚಿಟ್ಟು ಗೋಡೆಗೆ ಒರಗಿ ಕೂತಳು.

ಬಡಗಿ ಮೇಜನ್ನು ಹೊತ್ತು ತಂದು ಕಿಟಕಿಯ ಕೆಳಗೆ ಇಟ್ಟು ಗತ್ತಿನಿಂದ ಕೈ ಊರಿದ. ಟಕ್. ಆ ಕಡೆ ಒತ್ತಿದ. ಟಕ್. ಮಗಳು ಅದರ ಮೇಲಿಟ್ಟ ಪೆನ್ಸಿಲು ಉರುಳಿ ಕೆಳಗೆ ಬಿತ್ತು.

"ನೆಲ ಸೊಟ್ಟಗಿದೆ ಕಣೇ."

"ಹೌದಾ? ಯಾವಾಗಿಂದ?"

ಕಿಟಕಿಯ ಕೆಳಗೆ ನೆಲ ಕುಸಿದು ಐದು ವರ್ಷವಾಗಿತ್ತು. ಅದನ್ನೂ ಅವನು ನಾಳೆ ಸರಿಮಾಡುವವನಿದ್ದ.

"ಬೆಳಿಗ್ಗೆ ಅಲ್ಲಾಡ್ತಿರಲಿಲ್ಲ ಅಪ್ಪ" ಎಂದಳು ಮಗಳು.

"ನೀನು ಸುಮ್ನಿರಮ್ಮ. ಅಡಿಗೆ ಒಂದು ಚಕ್ಕೆ ಕೊಟ್ರೆ ಸರಿಹೋಗುತ್ತೆ."

"ಚಕ್ಕೆ ಗಿಕ್ಕೆ ಏನೂ ಕೊಡೋ ಹಾಗಿಲ್ಲ! ನಾನು ಕುಂಟು ಮೇಜು ಮಾಡಿರಲಿಲ್ಲ. ಕುಂಟು ಮಾಡಿದ್ದು ನೀವು. ಆ ರಸಮಟ್ಟ ಇಲ್ಲಿ ಕೊಡಿ."

ಅವನು ಚೀಲದಿಂದ ತೆಗೆದ ರಸಮಟ್ಟ ಕಿತ್ತುಕೊಂಡು, ಮಟ್ಟ ನೋಡಲು ಹಲಗೆಯ ಮೇಲಿಟ್ಟಳು. ಅದರೊಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೆ ಕಾಲುಗಳ ಅಡಿಗೆ ರಟ್ಟಿನ ಚೂರು ತುರುಕಿದಳು. ಆಮೇಲೆ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬ ತಂದಳು. ಮುಚ್ಚಳದ ಮೇಲೆ ಪೆನ್ಸಿಲು ಅಡ್ಡ ಹಿಡಿದು, ಡಬ್ಬವನ್ನು ನೆಲದ ಮೇಲೆ ಸರಿಸುತ್ತ ಒಂದೊಂದೇ ಕಾಲಿಗೆ ಸುತ್ತಲೂ ಗೆರೆ ಎಳೆದಳು.

"ಮೊದಲು ಮಾಡಿದಾಗ ಬೆಂಕಿಪೊಟ್ಟಣ ಇಟ್ಟು ಎಳೆದಿದ್ದೆ. ಈ ಸಲ ಡಬ್ಬ" ಎಂದಳು.

ಬಡಗಿ ಬಗ್ಗಿ ನೋಡಿದ. ನೆಲದ ಏರುತಗ್ಗೆಲ್ಲ ಆ ಗೆರೆಗಳಲ್ಲಿ ಹಾಗೆಹಾಗೇ ಬಂದಿತ್ತು. ನಾಲ್ಕು ಕಾಲಿಗೆ ನಾಲ್ಕು ಅಳತೆ ಯಾಕೆ ಎನ್ನುವುದು ಅವನಿಗೆ ಹೊಳೆದದ್ದು ಆಗಲೇ. ಆದರೂ ಸುಮ್ಮನಿರಲಾಗದೆ, "ಅಷ್ಟು ಮೇಲಕ್ಕೆ ಕೊಯ್ದರೆ ತೀರಾ ಗಿಡ್ಡ ಆಗುತ್ತಲ್ಲೇ! ಕುರ್ಚಿ ಹಾಕಿಕೊಂಡು ಕೂರೋದು ಹೇಗೆ?" ಎಂದ.

"ಯಾವ ಕುರ್ಚಿ? ನಾಳೆ ಮಾಡ್ತೀನಿ ಅಂದಿದ್ರಲ್ಲ, ಅದಾ? ಬೇಡ ಬಿಡಿ. ನನ್ನ ಮಗಳು ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು ಬರೀತಾಳೆ."

ಮಗಳು ಕಿಸಕ್ಕನೆ ನಕ್ಕಳು. ಹೆಂಡತಿ ಮೇಜನ್ನು ಮತ್ತೆ ಅಂಗಾತ ಮಾಡಿ, "ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದಳು ಗಂಡನಿಗೆ. ಬೇರೆ ದಾರಿ ಕಾಣದೆ ಹಿಡಿದ.

"ಗರಗಸ ಓರೆ ಹೋಗ್ತಿದೆ."

"ಗೆರೆ ಓರೆ ಇದೆ. ಗರಗಸ ಗೆರೆ ಮೇಲೇ ಹೋಗ್ತಿದೆ. ನೀವು ಹಿಡ್ಕೊಳ್ಳಿ ಸಾಕು."

ನಾಲ್ಕೂ ಕಾಲು ಕೊಯ್ದಾದ ಮೇಲೆ ಬೆವರು ಒರೆಸಿಕೊಂಡಳು. ಎತ್ತಿ ನಿಲ್ಲಿಸುವ ಮೊದಲು ಕೀಸುಳಿ ತೆಗೆದುಕೊಂಡು ಆ ಮೂರು ಗೀರಿನ ಮೇಲೆ ಒತ್ತಿ ಎಳೆದಳು. "ಏಯ್, ಅದು ನನ್ನ ಗುರುತು!" ಎಂದು ಅವನು ಕೈ ಚಾಚುವಷ್ಟರಲ್ಲಿ ಮತ್ತೆರಡು ಸಲ ಎಳೆದಿದ್ದಳು. ಹಲಗೆ ನುಣ್ಣಗಾಯಿತು.

ಮೇಜು ಕಿಟಕಿಯ ಕೆಳಗೆ ನಿಂತಿತು. ಮಗಳು ಪೆನ್ಸಿಲು ಇಟ್ಟು ನೋಡಿದಳು, ಉರುಳಲಿಲ್ಲ. ಹತ್ತಿ ನಿಂತು ಕುಣಿದಳು, ಮೇಜು ಕಮಕ್ ಕಿಮಕ್ ಎನ್ನಲಿಲ್ಲ.

"ಇಷ್ಟು ವರ್ಷದಲ್ಲಿ ನನ್ನ ಗುರುತನ್ನ ಯಾರೂ ಹೀಗೆ ಕೀಸಿ ಹಾಕಿರಲಿಲ್ಲ" ಎಂದ ಬಡಗಿ, ಮುಖ ಸಣ್ಣದು ಮಾಡಿಕೊಂಡು.

ಹೆಂಡತಿ ಅಂಗಳಕ್ಕೆ ಹೋದಳು. ಮೊದಲು ಅವನು ಕೊಯ್ದು ಬಿಸಾಕಿದ್ದ ಮೂರು ತುಂಡು ಅಲ್ಲೇ ಬಿದ್ದಿದ್ದವು. ಆರಿಸಿ, ಹೊಟ್ಟು ಊದಿ, ತಂದು ಅವನ ಅಂಗೈಯಲ್ಲಿಟ್ಟಳು.

"ಇದರ ಮೇಲೆ ಹಾಕ್ಕೊಳ್ಳಿ. ನೀವು ಮಾಡಿದ್ದು ಇಷ್ಟು."